ಲೇಸಿಕ್
ಕಾರ್ನಿಯಾದ ಬಾಗನ್ನು ಲೇಸರ್‌ನಿಂದ ತಿದ್ದಿ ಕನ್ನಡಕದ ಅವಲಂಬನೆಯನ್ನು ತಗ್ಗಿಸುವ ಶಸ್ತ್ರಚಿಕಿತ್ಸೆ. ಇದರಲ್ಲಿ ಬಳಕೆಯಾಗುವ 193 ನ್ಯಾನೋಮೀಟರ್‌ನ ಎಕ್ಸೈಮರ್ ಲೇಸರ್ ಸುತ್ತಲಿನ ಅಂಗಾಂಶವನ್ನು ಸುಡದೆ ಸೂಕ್ಷ್ಮ ಪದರಗಳನ್ನು ತೆಗೆಯುತ್ತದೆ. 1981ರಲ್ಲಿ ಐಬಿಎಂನಲ್ಲಿ ಈ ಗುಣವನ್ನು ಕಂಡುಕೊಂಡ ಮೂವರಲ್ಲಿ ಭಾರತ ಮೂಲದ ರಂಗಸ್ವಾಮಿ ಶ್ರೀನಿವಾಸನ್ ಒಬ್ಬರು. ಅವರು ಪ್ರಯೋಗಿಸಿದ್ದು, ವಿಚಿತ್ರವೆನಿಸಿದರೂ, ಹಬ್ಬದೂಟದಲ್ಲಿ ಉಳಿದಿದ್ದ ಟರ್ಕಿ ಕೋಳಿಯ ಮೇಲೆ.

ಕಣ್ಣಿನ ಪವರ್ ಸ್ಥಿರವಾಗಿರುವ, 18 ವರ್ಷ ದಾಟಿದವರಿಗೆ ಇದು ಸೂಕ್ತ. ಕಾರ್ನಿಯಾ ತೀರ ತೆಳುವಾಗಿದ್ದರೆ, ಶಂಕುವಿನಂತೆ ಉಬ್ಬಿದ್ದರೆ ಸಲ್ಲದು.

ಹನಿಮದ್ದಿನಿಂದ ಕಣ್ಣನ್ನು ಮರಗಟ್ಟಿಸುತ್ತಾರೆ; ರೋಗಿ ಎಚ್ಚರವಾಗಿಯೇ ಇರುತ್ತಾನೆ. ಕಾರ್ನಿಯಾದ ಮೇಲೆ ತೆಳು ಮುಚ್ಚಳವನ್ನು ಕೊಯ್ದು ಮಡಚಿ, ಕೆಳಗಿನ ಪದರಕ್ಕೆ ಲೇಸರ್ ಹಾಯಿಸಿ, ಮುಚ್ಚಳವನ್ನು ಮರಳಿ ಕೂರಿಸಲಾಗುತ್ತದೆ. ಹೊಲಿಗೆ ಬೇಡ. ಲೇಸರ್ ಹಾಯಿಸಲು ಸಾಮಾನ್ಯವಾಗಿ ಒಂದು ನಿಮಿಷವೂ ಹಿಡಿಯದು. ಆಗ ಸುಟ್ಟ ಕೂದಲಿನಂಥ ವಾಸನೆ ಬರುವುದುಂಟು.

ಮೊದಲ ಕೆಲವು ಗಂಟೆ ಉರಿ, ನೀರು ಸುರಿತ, ಮಂಜು. ಮರುದಿನವೇ ಬಹುಮಂದಿಗೆ ನೋಟ ತಿಳಿಯಾಗುತ್ತದೆ. ಆದರೆ ಮುಚ್ಚಳ ಸರಿದೀತೆಂದು ಕಣ್ಣುಜ್ಜುವಂತಿಲ್ಲ. ಮಲಗುವಾಗ ರಕ್ಷಾಕವಚ, ವೈದ್ಯರು ಹೇಳಿದಷ್ಟು ದಿನ ಹನಿಮದ್ದು, ಕೆಲವು ವಾರ ಈಜಿಗೆ ವಿರಾಮ. ಕಾರ್ನಿಯಾದ ನರಗಳು ತುಂಡಾಗುವುದರಿಂದ ಕಣ್ಣೊಣಗುವಿಕೆ ತಿಂಗಳುಗಟ್ಟಲೆ ಉಳಿಯಬಹುದು. ರಾತ್ರಿ ದೀಪಗಳ ಸುತ್ತ ಪ್ರಭಾವಲಯ ಕಾಣುವುದೂ ಉಂಟು. ನಲವತ್ತರ ನಂತರದ ಚಾಳೀಸನ್ನು ಈ ಚಿಕಿತ್ಸೆ ತಡೆಯದು.