ಗುಡ್ಡದ ಹೊಲ, ಎತ್ತಿನ ಕಣಿಕೆ ಮತ್ತು ಬೆಳೆ ಸರದಿಯ ಲೆಕ್ಕ

ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳು 'ತೊರಗಲೆ 6000' ಎಂದು ಕರೆದ ನಾಡು ಮಲಪ್ರಭೆಯ ಸೀಮೆಯದು. ಪಶ್ಚಿಮದ ಕಿತ್ತೂರಿನಿಂದ ಬೈಲಹೊಂಗಲ, ಸವದತ್ತಿ ದಾಟಿ ರಾಮದುರ್ಗದತ್ತ ಸಾಗಿದಂತೆ ಮಳೆ ಕಡಿಮೆಯಾಗುತ್ತದೆ, ಕಲ್ಲುಗುಡ್ಡಗಳು ಎದುರಾಗುತ್ತವೆ. ಗುಡ್ಡದ ಇಳಿಜಾರಿನಲ್ಲಿ ತೆಳುವಾದ ಮಸಾರಿ ಮಣ್ಣು. ಕೆಳಗಿನ ಬಯಲಿನಲ್ಲಿ ಆಳವಾದ ಎರಿ ಭೂಮಿ. ಎರಡಕ್ಕೂ ಇಲ್ಲಿನ ಒಕ್ಕಲಿಗರು ಬೇರೆ ಬೇರೆ ಬೆಳೆ ಸರದಿಯನ್ನು ರೂಢಿಸಿಕೊಂಡಿದ್ದರು.

ಮಸಾರಿಯಲ್ಲಿ ಸಜ್ಜೆ, ಅದರ ನಡುವೆ ತೊಗರಿಯ ಅಕ್ಕಡಿ ಸಾಲು. ಮರುವರ್ಷ ಶೇಂಗಾ ಅಥವಾ ಹುರುಳಿ. ಎರಿಯಲ್ಲಿ ಒಂದು ವರ್ಷ ಹಿಂಗಾರಿ ಜೋಳ, ಮರುವರ್ಷ ಹತ್ತಿ ಇಲ್ಲವೆ ಕಡಲೆ. ಜೋಳದ ಹೊಲದ ಅಂಚಿಗೆ ಕುಸುಬೆ. ಅದು ಎಣ್ಣೆಯನ್ನೂ ಕೊಡುತ್ತಿತ್ತು, ಮುಳ್ಳಿನಿಂದ ದನಗಳನ್ನೂ ತಡೆಯುತ್ತಿತ್ತು.

ಈ ಸರದಿಯಲ್ಲಿ ಬೇಳೆಕಾಳಿಗೆ ಏಕೆ ಕಾಯಂ ಸ್ಥಾನ? ಅವುಗಳ ಬೇರಿನ ಗಂಟಿನಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ. ಇದನ್ನು ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ಥ್ 1886ರಲ್ಲಿ ತೋರಿಸಿಕೊಟ್ಟರು. ಅದೇ ದೇಶದ ಹೇಬರ್ 1909ರಲ್ಲಿ ಈ ಕೆಲಸವನ್ನು ಯಂತ್ರದಿಂದ ಸಾಧಿಸಿದ. 1913ರಲ್ಲಿ ಕಾರ್ಖಾನೆಯೇ ಶುರುವಾಯಿತು. ಆದರೆ ಬೇರು ಬಿಸಿಲಿನಿಂದ ಮಾಡುವುದನ್ನು ಕಾರ್ಖಾನೆ ಇಂಧನದಿಂದ ಮಾಡಬೇಕು. ಇಂದಿನ 45 ಕಿಲೋ ಯೂರಿಯಾ ಚೀಲದಲ್ಲಿ ಇರುವುದು ಸುಮಾರು 20 ಕಿಲೋ ಸಾರಜನಕ. ಅದನ್ನು ತಯಾರಿಸಲು ಸುಮಾರು 30 ಲೀಟರ್ ಡೀಸೆಲ್‌ನಷ್ಟು ಶಕ್ತಿ ಬೇಕು. ಚೆನ್ನಾಗಿ ಬಂದ ಬೇಳೆ ಬೆಳೆಯೊಂದು ಹೆಕ್ಟೇರಿಗೆ ಅಷ್ಟು ಸಾರಜನಕವನ್ನು ಮುಂದಿನ ಬೆಳೆಗೆ ಬಿಟ್ಟುಹೋಗಬಲ್ಲದು. ಹೊಟ್ಟು ಬಳ್ಳಿಗಳನ್ನೆಲ್ಲ ದನಕ್ಕೆ ಒಯ್ದು ಗೊಬ್ಬರವನ್ನು ಹೊಲಕ್ಕೆ ಹಿಂತಿರುಗಿಸದಿದ್ದರೆ ಮಾತ್ರ ಆ ಲಾಭ ಕರಗುತ್ತದೆ.

ಇನ್ನೊಂದು ಲೆಕ್ಕ ಎತ್ತಿನದು. ಜೋಳದ ಕಾಳು ಮನುಷ್ಯನಿಗೆ, ಕಣಿಕೆ ಎತ್ತಿಗೆ. ಎತ್ತು ಹೂಡುವ ಶಕ್ತಿಯೂ ತಿಪ್ಪೆಯ ಗೊಬ್ಬರವೂ ಅದೇ ಹೊಲದಿಂದ ಬಂದವು. 1964ರಲ್ಲಿ ದೇಶದ ಮೊದಲ ಸಂಕರಣ ಜೋಳ ಸಿ.ಎಸ್.ಎಚ್-1 ಬಂದಾಗ ಕಾಳಿನ ಇಳುವರಿ ಏರಿತು, ದಂಟು ಗಿಡ್ಡವಾಯಿತು. ಕಾಳನ್ನಷ್ಟೇ ಎಣಿಸಿದರೆ ಇದು ದೊಡ್ಡ ಗೆಲುವು. ಮೇವನ್ನೂ ಎಣಿಸಿದರೆ ಗೆಲುವು ಅಷ್ಟು ದೊಡ್ಡದಲ್ಲ. ಉತ್ತಮ ಕಣಿಕೆ ಕೊಡುವ ಹಳೆಯ ಎಂ 35-1, ಅಂದರೆ ಮಾಲದಂಡಿ, ಹಿಂಗಾರಿ ಹೊಲದಲ್ಲಿ ಇಂದಿಗೂ ಉಳಿದಿರಲು ಇದೂ ಒಂದು ಕಾರಣ.

ಹಾಗೆಂದು ಹಳೆಯ ಪದ್ಧತಿ ಸುಭಿಕ್ಷದ್ದಾಗಿರಲಿಲ್ಲ. ಹಾಕಿದ ಶಕ್ತಿಗೆ ಹೋಲಿಸಿದರೆ ಫಲ ಚೆನ್ನಾಗಿತ್ತು. ಎಕರೆಗೆ ಬರುವ ಚೀಲಗಳು ಮಾತ್ರ ಕಡಿಮೆ. ಮಳೆ ಕೈಕೊಟ್ಟರೆ ಕಾಳೂ ಇಲ್ಲ, ಕಣಿಕೆಯೂ ಇಲ್ಲ. 1876-78ರ ಭೀಕರ ಬರದಲ್ಲಿ ಮುಂಬಯಿ ಕರ್ನಾಟಕದ ಜನರೂ ದನಗಳೂ ಒಟ್ಟಿಗೇ ಸತ್ತದ್ದು ಈ ಕಾರಣದಿಂದಲೇ. ಹೊಲವೇ ಎತ್ತನ್ನು ಸಾಕಬೇಕಾದಾಗ ಹೊಲ ಸೋತರೆ ಎಲ್ಲವೂ ಸೋಲುತ್ತದೆ.

ಆದ್ದರಿಂದ 1970ರ ದಶಕದಲ್ಲಿ ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ 37.73 ಟಿ.ಎಂ.ಸಿ. ಸಾಮರ್ಥ್ಯದ ಮಲಪ್ರಭಾ ಜಲಾಶಯ ತುಂಬತೊಡಗಿದಾಗ ರೈತರು ನೀರನ್ನು ಅಪ್ಪಿಕೊಂಡದ್ದು ಸಹಜ. ಕಬ್ಬು, ಗೋವಿನಜೋಳ ಹಬ್ಬಿದವು. ಪಂಪ್‌ಸೆಟ್, ಟ್ರ್ಯಾಕ್ಟರ್, ಯೂರಿಯಾ ಹಿಂದೆಯೇ ಬಂದವು. ಚೀಲಗಳು ಹೆಚ್ಚಿದವು, ಖರ್ಚೂ ಹೆಚ್ಚಿತು. ನೀರಾವರಿ ಕರದ ವಿರುದ್ಧ 1980ರ ಜುಲೈನಲ್ಲಿ ನರಗುಂದ, ನವಲಗುಂದಗಳಲ್ಲಿ ರೈತರು ಬೀದಿಗಿಳಿದರು. ನೀರಿನ ಜತೆಗೆ ಸಾಲದ ಹೊರೆಯೂ ಬರುತ್ತದೆ ಎಂಬುದು ಆಗ ನಾಡಿಗೆಲ್ಲ ತಿಳಿಯಿತು.

ಕಾಲುವೆ ನೀರು ಗುಡ್ಡ ಹತ್ತಲಿಲ್ಲ. ಇಳಿಜಾರಿನ ಮಸಾರಿ ಇಂದಿಗೂ ಮಳೆಯನ್ನೇ ನಂಬಿದೆ. ಅಲ್ಲಿ ಎತ್ತು ಮರಳಿ ಬರಲಿಕ್ಕಿಲ್ಲ. ಆದರೆ ಟ್ರ್ಯಾಕ್ಟರ್ ಉತ್ತ ಹೊಲದಲ್ಲೂ ತೊಗರಿಯ ಬೇರು ತನ್ನ ಕೆಲಸ ಮಾಡುತ್ತದೆ. ಹಳೆಯ ಸರದಿಯಲ್ಲಿ ಉಳಿಸಿಕೊಳ್ಳಬಹುದಾದ ಭಾಗ ಅದು; ಅದನ್ನು ಬಿಟ್ಟ ರೈತ ಬಿಸಿಲು ಪುಕ್ಕಟೆ ಕೊಡುವುದನ್ನು ಪ್ರತಿ ವರ್ಷ ಅಂಗಡಿಯಲ್ಲಿ ಸಾಲ ಮಾಡಿ ಕೊಳ್ಳಬೇಕಾಗುತ್ತದೆ.