ಪ್ಲೇಗುಮಾರಿಯೂ ಪ್ರಮಾಣವಿಚಾರವೂ



ಊರಿಗೆ ಮಾರಿ ಬಂದಾಗ ಅದರ ಬೆನ್ನಹಿಂದೆಯೇ ಉಪದೇಶವೂ ಬರುತ್ತದೆ. ಇದನ್ನು ಕುಡಿಯಿರಿ, ಅದನ್ನು ಮುಟ್ಟಬೇಡಿರಿ, ಮನೆಯನ್ನು ಬಿಡಿರಿ, ಮನೆಯಲ್ಲಿಯೇ ಇರಿ, ಸೂಜಿ ಹಾಕಿಸಿಕೊಳ್ಳಿರಿ, ಹಾಕಿಸಿಕೊಳ್ಳಬೇಡಿರಿ ಎಂದು ನಾನಾ ಮುಖಗಳಿಂದ ನಾನಾ ಮಾತುಗಳು ಕಿವಿಗೆ ಬೀಳುತ್ತವೆ. ಎಲ್ಲವನ್ನೂ ನಂಬಿದವನು ಕೆಡುತ್ತಾನೆ. ಯಾವುದನ್ನೂ ನಂಬದವನೂ ಕೆಡುತ್ತಾನೆ. ವೈದ್ಯರಲ್ಲದ ನಾವು ಪ್ರತಿಯೊಂದು ಮಾತನ್ನೂ ಪ್ರಯೋಗಶಾಲೆಯಲ್ಲಿಟ್ಟು ಪರೀಕ್ಷಿಸಲಾರೆವು. ಹಾಗಾದರೆ ಯಾವ ಮಾತಿಗೆ ಎಷ್ಟು ತೂಕವನ್ನು ಕೊಡಬೇಕು? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವವರಿಗೆ 1896ರಿಂದ ಸುಮಾರು ಹನ್ನೆರಡು ವರ್ಷಗಳ ಕಾಲ ನಮ್ಮ ದೇಶದಲ್ಲಿ ನಡೆದ ಪ್ಲೇಗಿನ ಚರಿತ್ರೆಯಷ್ಟು ಉಪಯುಕ್ತವಾದ ಪಾಠ ಮತ್ತೊಂದಿಲ್ಲವೆಂದು ನಮಗೆ ತೋರುತ್ತದೆ.

ಪ್ಲೇಗಿನ ಸೂಕ್ಷ್ಮಜೀವಿಯನ್ನು ಎರ್ಸಿನ್ ಎಂಬ ವಿಜ್ಞಾನಿಯು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದನು. ಜಪಾನಿನ ಕಿಟಸಾಟೊ ಎಂಬಾತನೂ ಅದೇ ಸಮಯದಲ್ಲಿ ಅಲ್ಲಿಯೇ ಶೋಧನೆ ನಡೆಸುತ್ತಿದ್ದನು. ಎರಡು ವರ್ಷಗಳ ತರುವಾಯ, 1896ರ ಸೆಪ್ಟೆಂಬರಿನಲ್ಲಿ, ಬೊಂಬಾಯಿಯ ಮಾಂಡವಿ ಎಂಬ ಬಡಾವಣೆಯಲ್ಲಿ ಡಾಕ್ಟರ್ ವಿಯೆಗಾಸ್ ಅವರು ರೋಗಿಗಳನ್ನು ಪರೀಕ್ಷಿಸಿ, ಬಂದಿರುವುದು ಪ್ಲೇಗೇ ಎಂದು ಸಾರಿದರು. ಹೀಗೆ ಶತ್ರುವಿನ ಹೆಸರು ತಿಳಿದಿತ್ತು. ಆದರೆ ಅವನು ಯಾವ ದಾರಿಯಿಂದ ಮನೆಯನ್ನು ಹೊಗುತ್ತಾನೆಂಬುದು ತಿಳಿದಿರಲಿಲ್ಲ. ದಾರಿ ತಿಳಿಯದಿದ್ದರೂ ಬಾಗಿಲುಗಳನ್ನು ಮುಚ್ಚುವ ಕೆಲಸವು ಭರದಿಂದ ನಡೆಯಿತು. ಚರಂಡಿಗಳಿಗೆ ಕಾರ್ಬಾಲಿಕ್ ದ್ರಾವಣವನ್ನು ಹೊಯ್ದರು; ಗೋಡೆಗಳಿಗೆ ಸುಣ್ಣ ಬಳಿದರು; ಬಡವರ ಬಟ್ಟೆಬರೆಗಳನ್ನು ಸುಟ್ಟರು; ರೋಗಿಗಳನ್ನು ಬಂಧುಗಳಿಂದ ಅಗಲಿಸಿ ಆಸ್ಪತ್ರೆಗೆ ಒಯ್ದರು. 1896ರ ಅಕ್ಟೋಬರಿನಲ್ಲಿ ಗಿರಣಿ ಕೂಲಿಗಾರರು ಗುಂಪು ಕಟ್ಟಿ ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ಬಿದ್ದರು. 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾನೂನು ಜಾರಿಗೆ ಬಂದಿತು. ಪುಣೆಯಲ್ಲಿ ಸಿಪಾಯಿಗಳು ಮನೆಮನೆಯನ್ನು ಹೊಕ್ಕು ಶೋಧಿಸಿದರು. ಅದರ ಫಲವಾಗಿ ಹುಟ್ಟಿದ ದ್ವೇಷವು ಆ ವರ್ಷದ ಜೂನ್ 22ರಂದು ಪ್ಲೇಗಿನ ಅಧಿಕಾರಿ ರ್‍ಯಾಂಡನ ಮೇಲಣ ಗುಂಡೇಟಿನಲ್ಲಿ ಕೊನೆಗಂಡಿತು.

ಮರುವರ್ಷ, ಎಂದರೆ 1898ರ ಆಗಸ್ಟಿನಲ್ಲಿ, ಮಾರಿಯು ಬೆಂಗಳೂರಿಗೆ ಬಂದಿತು; ಮೈಸೂರು ಸಂಸ್ಥಾನದಲ್ಲೆಲ್ಲ ಹರಡಿತು. ವಿ. ಪಿ. ಮಾಧವರಾಯರು ಪ್ಲೇಗು ಕಮಿಷನರಾಗಿ ನೇಮಕವಾದರು. ಬೆಂಗಳೂರಿನ ಇಕ್ಕಟ್ಟಾದ ಪೇಟೆಗಳನ್ನು ಬಿಟ್ಟು ಮಲ್ಲೇಶ್ವರ, ಬಸವನಗುಡಿಗಳ ಬಯಲಿಗೆ ಜನರು ಹೋಗಿ ನೆಲಸುವುದಕ್ಕೆ ಈ ಭಯವೂ ಒಂದು ಕಾರಣವಾಯಿತು. ಹಳ್ಳಿಯವರಾದರೋ ಯಾವ ಅಪ್ಪಣೆಗೂ ಕಾಯುತ್ತಿರಲಿಲ್ಲ. ಹಾದಿಬೀದಿಯಲ್ಲಿ ಇಲಿ ಬಿದ್ದಿತೆಂಬ ಸುದ್ದಿ ಕೇಳಿದೊಡನೆ ಗಂಟುಮೂಟೆ ಕಟ್ಟಿ, ಊರಾಚೆಯ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು, ಮಾರಿಯು ಇಳಿದ ಮೇಲೆ ಹಿಂದಿರುಗುತ್ತಿದ್ದರು. ಪ್ಲೇಗಿನ ಅಮ್ಮನ ಗುಡಿಗಳು ಇಂದಿಗೂ ನಮ್ಮ ಊರುಗಳಲ್ಲಿ ಆ ಕಾಲದ ಗುರುತಾಗಿ ನಿಂತಿವೆ.

ಇಲಿ ಸಾಯುವುದಕ್ಕೂ ಮನುಷ್ಯ ಸಾಯುವುದಕ್ಕೂ ಸಂಬಂಧವುಂಟೆಂದು ಜನರು ಕಂಡುಕೊಂಡಿದ್ದರಷ್ಟೆ. ಆ ಸಂಬಂಧವೇನೆಂಬುದನ್ನು ತೋರಿಸಿದವನು ಪಾಲ್ ಲೂಯಿ ಸೀಮಾಂಡ್ ಎಂಬ ಫ್ರೆಂಚ್ ವೈದ್ಯ. 1898ರ ಜೂನ್ ತಿಂಗಳಿನಲ್ಲಿ ಕರಾಚಿಯಲ್ಲಿ ಅವನು ಒಂದು ಸರಳವಾದ ಪ್ರಯೋಗವನ್ನು ಮಾಡಿದನು. ಪ್ಲೇಗು ತಗುಲಿದ ಇಲಿಯ ಮೈಮೇಲಿನ ಚಿಗಟಗಳ ಮೂಲಕ ಆರೋಗ್ಯವಾಗಿದ್ದ ಇಲಿಗೆ ರೋಗವು ಅಂಟುತ್ತದೆಂಬುದನ್ನು ಕಂಡು, ಅದೇ ವರ್ಷ ಪ್ರಕಟಿಸಿದನು. ಆ ಸಮಯಕ್ಕೆ ಸರಿಯಾಗಿ ಸರ್ಕಾರದವರು ನಿಯಮಿಸಿದ ಪ್ಲೇಗು ಆಯೋಗವು ದೇಶದಲ್ಲಿ ಸಂಚರಿಸುತ್ತಿತ್ತು. ಅದರ ಅಧ್ಯಕ್ಷರು ಎಡಿನ್‌ಬರೋದ ಆಚಾರ್ಯ ಫ್ರೇಸರ್. ಸದಸ್ಯರಲ್ಲಿ ಟೈಫಾಯಿಡ್ ಲಸಿಕೆಯಿಂದ ಹೆಸರಾದ ಆಲ್ಮ್‌ರಾತ್ ರೈಟ್ ಒಬ್ಬರು. ಇಂಥ ಘನವಿದ್ವಾಂಸರ ಸಭೆಯು ಸಾಕ್ಷ್ಯಗಳನ್ನು ವಿಚಾರಿಸಿ, ಚಿಗಟದ ವಾದದಲ್ಲಿ ಹುರುಳಿಲ್ಲವೆಂದು ತೀರ್ಮಾನಿಸಿತು. ಸೀಮಾಂಡನ ಮಾತು ಮೂಲೆಗೆ ಬಿದ್ದಿತು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಆಯೋಗದವರು ಮೂರ್ಖರಲ್ಲ. ಸೀಮಾಂಡನ ಪ್ರಯೋಗಗಳ ಸಂಖ್ಯೆ ಅಲ್ಪವಾಗಿತ್ತು. ಬೇರೆಯವರು ಮಾಡಿನೋಡಿದಾಗ ಅದೇ ಫಲವು ದೊರೆತಿರಲಿಲ್ಲ. ಒಬ್ಬನ ಕೈಯಲ್ಲಿ ಕಂಡದ್ದು ಮತ್ತೊಬ್ಬನ ಕೈಯಲ್ಲಿಯೂ ಕಾಣಬೇಕೆಂದು ಕೇಳುವುದು ನ್ಯಾಯವೇ. ಅವರ ತಪ್ಪು ಬೇರೊಂದು ಕಡೆ ಇದೆ. ‘ಇದು ಇನ್ನೂ ಸಿದ್ಧವಾಗಿಲ್ಲ’ ಎನ್ನುವಲ್ಲಿ ನಿಲ್ಲದೆ, ‘ಇದು ಹೀಗಲ್ಲ’ ಎಂಬಲ್ಲಿಗೆ ಅವರು ಒಂದೇ ಹೆಜ್ಜೆಯಲ್ಲಿ ದಾಟಿಬಿಟ್ಟರು. ಪ್ರಮಾಣವು ದೊರೆಯದಿರುವುದು ಬೇರೆ. ವಿರುದ್ಧವಾದ ಪ್ರಮಾಣವು ದೊರೆಯುವುದು ಬೇರೆ. ಈ ಎರಡನ್ನೂ ಒಂದೆಂದು ಬಗೆದುದರಿಂದ ಅಮೂಲ್ಯವಾದ ವರ್ಷಗಳು ಕಳೆದುಹೋದುವು. 1905ರ ಸುಮಾರಿಗೆ ಬೊಂಬಾಯಿಯಲ್ಲಿ ಲಿಸ್ಟನ್ ಎಂಬ ವೈದ್ಯಾಧಿಕಾರಿಯೂ, ಆ ವರ್ಷ ಹೊಸದಾಗಿ ನಿಯಮಿಸಲ್ಪಟ್ಟ ಸಂಶೋಧಕರೂ ವಿಚಾರವನ್ನು ಮತ್ತೆ ಕೈಗೆತ್ತಿಕೊಂಡರು. ಗಿನಿ ಹಂದಿಗಳನ್ನು ಎರಡು ಬಗೆಯ ಪಂಜರಗಳಲ್ಲಿಟ್ಟರು. ಒಂದಕ್ಕೆ ಚಿಗಟವು ನುಸುಳಲಾರದಂಥ ಸಣ್ಣ ಕಣ್ಣಿನ ಬಲೆ, ಮತ್ತೊಂದಕ್ಕೆ ಆ ರಕ್ಷಣೆಯಿಲ್ಲ. ಗಾಳಿ, ಬೆಳಕು, ಮನೆ ಎರಡಕ್ಕೂ ಒಂದೇ. ರಕ್ಷಣೆಯಿಲ್ಲದ ಪ್ರಾಣಿಗಳು ಪ್ಲೇಗಿನಿಂದ ಸತ್ತುವು, ಬಲೆಯೊಳಗಿನವು ಬದುಕಿದುವು. ಚಿಗಟವು ನೆಗೆಯಲಾರದ ಎತ್ತರದಲ್ಲಿ ತೂಗುಹಾಕಿದವೂ ಬದುಕಿದುವು. ಒಂದೇ ಒಂದು ಅಂಶವನ್ನು ಮಾತ್ರ ಬದಲಾಯಿಸಿ, ಉಳಿದುದೆಲ್ಲವನ್ನೂ ಸಮವಾಗಿಟ್ಟು ನೋಡಿದ್ದರಿಂದ ವಾದಕ್ಕೆ ಎಡೆಯೇ ಉಳಿಯಲಿಲ್ಲ.

ಹಾಗಾದರೆ ಪಂಡಿತರನ್ನು ಬಿಟ್ಟು ಹಳ್ಳಿಯವರ ಮಾತನ್ನೇ ಹಿಡಿಯಬೇಕೆ? ಹಾಗೂ ಅಲ್ಲ. ಇಲಿ ಬಿದ್ದರೆ ಊರು ಬಿಡಬೇಕೆಂದು ಹೇಳಿದ ಜನರ ನಡುವೆಯೇ, ಆಸ್ಪತ್ರೆಯಲ್ಲಿ ರೋಗಿಗಳನ್ನು ಕೊಂದು ಮೈಯಿಂದ ಎಣ್ಣೆ ತೆಗೆಯುತ್ತಾರೆಂಬ ವದಂತಿಯೂ ಹಬ್ಬಿತು. ಮೊದಲನೆಯದು ನೂರು ಊರುಗಳಲ್ಲಿ ಕಣ್ಣಾರೆ ಕಂಡ ಮಾತು. ಎರಡನೆಯದು ಯಾರೂ ಕಾಣದೆ ಎಲ್ಲರೂ ಕೇಳಿದ ಮಾತು. ಆದುದರಿಂದ ಹೇಳಿದವರು ಯಾರೆಂದು ನೋಡುವುದಷ್ಟೇ ಸಾಲದು. ಅವರಿಗೆ ಅದು ಹೇಗೆ ತಿಳಿಯಿತೆಂಬುದನ್ನೂ ಕೇಳಬೇಕು. ನಮ್ಮ ನೈಯಾಯಿಕರು ಆಪ್ತವಾಕ್ಯವನ್ನು ಪ್ರಮಾಣವೆಂದು ಒಪ್ಪಿದರೂ, ವಸ್ತುವನ್ನು ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ಹೇಳಬೇಕೆಂಬ ಇಚ್ಛೆಯುಳ್ಳವನೇ ಆಪ್ತನೆಂದು ಲಕ್ಷಣವನ್ನು ಹೇಳಿದರು. ಪದವಿಯಾಗಲಿ, ಅಧಿಕಾರವಾಗಲಿ, ಬಹುಜನರ ಬಾಯಾಗಲಿ ಆ ಲಕ್ಷಣದಲ್ಲಿ ಸೇರಿಲ್ಲ.

ಇನ್ನು ಎರಡನೆಯ ಪಾಠ, ಅಂಕಿಗಳ ವಿಷಯ. ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿಯು ಬೊಂಬಾಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡನು. ಇದು ಅವನ ಧೈರ್ಯಕ್ಕೆ ಸಾಕ್ಷಿ, ಲಸಿಕೆಯ ಗುಣಕ್ಕಲ್ಲ. ಅದೇ ತಿಂಗಳು ಬೈಕಲಾ ಸೆರೆಮನೆಯಲ್ಲಿ ರೋಗವು ಕಾಣಿಸಿಕೊಂಡಾಗ, ಒಪ್ಪಿ ಮುಂದೆ ಬಂದ ಕೈದಿಗಳಿಗೆ ಲಸಿಕೆ ಹಾಕಲಾಯಿತು. ಉಳಿದವರು ಹಾಗೆಯೇ ಇದ್ದರು. ಎಲ್ಲರದೂ ಒಂದೇ ಗೋಡೆ, ಒಂದೇ ಅನ್ನ. ಲಸಿಕೆ ಹಾಕಿಸಿಕೊಂಡವರಲ್ಲಿ ರೋಗವೂ ಸಾವೂ ಕಡಿಮೆಯಾಗಿ ಕಂಡುಬಂದುವು. ಸಂಖ್ಯೆ ಚಿಕ್ಕದಾದರೂ ಹೋಲಿಕೆ ಬಹುಮಟ್ಟಿಗೆ ಸಮವಾಗಿತ್ತು.

1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಈ ಕೆಲಸವು ಬಲು ದೊಡ್ಡ ಪ್ರಮಾಣದಲ್ಲಿ ನಡೆಯಿತು. ಸಾವಿರಾರು ಜನರು ಸೂಜಿ ಹಾಕಿಸಿಕೊಂಡರು. ಅಲ್ಲಿಯ ಅಂಕಿಗಳನ್ನು ಹಾಫ್‌ಕಿನ್ನನು ವಿದ್ವತ್ಸಭೆಗಳ ಮುಂದಿಟ್ಟನು. ಸಂಖ್ಯೆ ದೊಡ್ಡದು; ಆದರೆ ಹೋಲಿಕೆ ಕಷ್ಟ. ಏಕೆಂದರೆ ಲಸಿಕೆ ಹಾಕಿಸಿಕೊಂಡವರ ಲೆಕ್ಕವು ದಫ್ತರದಲ್ಲಿರುತ್ತದೆ; ಹಾಕಿಸಿಕೊಳ್ಳದವರು ಎಷ್ಟು ಮಂದಿಯೆಂಬುದು, ಮಾರಿಗೆ ಹೆದರಿ ಜನರು ದಿನದಿನವೂ ಊರು ಬಿಡುತ್ತಿರುವಾಗ, ಊಹೆಯ ಲೆಕ್ಕವಾಗುತ್ತದೆ. ಛೇದದಲ್ಲಿ ಊಹೆಯಿದ್ದರೆ ಭಾಗಲಬ್ಧದಲ್ಲಿಯೂ ಊಹೆಯೇ. ಮತ್ತೊಂದು ತೊಡಕು: ಸೂಜಿ ಹಾಕಿಸಿಕೊಂಡವನು ಗಾಳಿ ಬೆಳಕುಳ್ಳ ಮನೆಯವನೂ, ಹಾಕಿಸಿಕೊಳ್ಳದವನು ಇಲಿಗಳ ನಡುವೆ ಮಲಗುವ ಬಡವನೂ ಆದರೆ, ಉಳಿಸಿದ್ದು ಲಸಿಕೆಯೋ ಮನೆಯೋ? ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುತ್ತದೆನ್ನುವವನಿಗೆ ನೈಯಾಯಿಕನು ಹಸಿ ಸೌದೆಯನ್ನು ತೋರಿಸಿ, ಅದೇ ಇಲ್ಲಿಯ ಉಪಾಧಿಯೆನ್ನುತ್ತಾನೆ. ಅಂಕಿಗಳನ್ನು ಓದುವಾಗಲೂ ಹಸಿ ಸೌದೆ ಎಲ್ಲಿದೆಯೆಂದು ಹುಡುಕಬೇಕು. ಚಿಗಟದ ವಿಷಯದಲ್ಲಿ ಎಡವಿದ ಆಯೋಗವು ಇಲ್ಲಿ ಸರಿಯಾಗಿಯೇ ನಡೆಯಿತು. ಅಂಕಿಗಳು ನಿಷ್ಕೃಷ್ಟವಲ್ಲವೆಂದು ಆಕ್ಷೇಪಿಸಿಯೂ, ಲಸಿಕೆಯು ರೋಗವನ್ನೂ ಸಾವನ್ನೂ ತಗ್ಗಿಸುತ್ತದೆಂಬುದನ್ನು ಅದು ಒಪ್ಪಿತು. ಒಂದೇ ವರದಿಯಲ್ಲಿ ಒಂದು ಪುಟವು ತಪ್ಪಾಗಿಯೂ ಇನ್ನೊಂದು ಸರಿಯಾಗಿಯೂ ಇರಬಹುದು. ವರದಿಯನ್ನು ಇಡಿಯಾಗಿ ನುಂಗುವುದೂ ಇಡಿಯಾಗಿ ಉಗುಳುವುದೂ ಓದುಗನ ಲಕ್ಷಣವಲ್ಲ.

ಮೂರನೆಯ ಪಾಠವು ದುಃಖದ್ದು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಿದರು. ಕೆಲವು ದಿನಗಳಲ್ಲಿಯೇ ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಈ ಸುದ್ದಿ ಕೇಳಿದ ಜನರು ಲಸಿಕೆಗೆ ಬೆದರಿದ್ದರಲ್ಲಿ ಆಶ್ಚರ್ಯವೇನು? ವಿಚಾರಣೆ ನಡೆಸಿದವರು ದೋಷವನ್ನು ಪರೇಲಿನ ಪ್ರಯೋಗಶಾಲೆಯ ಮೇಲೆ ಹೊರಿಸಿದರು. ಹಾಫ್‌ಕಿನ್ನನು ಕೆಲಸದಿಂದ ದೂರವಾದನು. ಆದರೆ ಸಂಗತಿಗಳನ್ನು ಸಾಲಾಗಿ ಇಟ್ಟು ನೋಡಿರಿ. ಸತ್ತವರೆಲ್ಲರೂ ಒಂದೇ ಸೀಸೆಯಿಂದ ಲಸಿಕೆ ಪಡೆದವರು. ಆ ಸೀಸೆಯನ್ನು ತೆರೆದಾಗ ಯಾವ ದುರ್ಗಂಧವೂ ಇರಲಿಲ್ಲವೆಂದು ವೈದ್ಯನು ಹೇಳಿದ್ದನು. ಧನುರ್ವಾಯುವಿನ ಕ್ರಿಮಿಯು ಅದರಲ್ಲಿ ಬಹುದಿನ ಬೆಳೆದಿದ್ದರೆ ನಾತವು ಬರಲೇಬೇಕಾಗಿತ್ತು. ಸೀಸೆಯನ್ನು ತೆರೆಯುವ ಹೊತ್ತಿಗೆ ಸಹಾಯಕನ ಕೈಯಿಂದ ಚಿಮಟವು ನೆಲಕ್ಕೆ ಬಿದ್ದು, ಸರಿಯಾಗಿ ಶುದ್ಧಮಾಡದೆಯೇ ಮತ್ತೆ ಬಳಕೆಯಾಗಿದ್ದಿತು. ಮಲೇರಿಯದ ಸೊಳ್ಳೆಯಿಂದ ಪ್ರಖ್ಯಾತರಾದ ರೋನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು 1907ರ ಜುಲೈಯಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಹಾಫ್‌ಕಿನ್ನನ ಪರವಾಗಿ ಪತ್ರವನ್ನು ಪ್ರಕಟಿಸಿದರು. ಆಗ ಅವನ ಕಳಂಕವು ತೊಡೆದುಹೋಯಿತು. 1925ರಲ್ಲಿ ಆ ಪ್ರಯೋಗಶಾಲೆಗೆ ಅವನ ಹೆಸರನ್ನೇ ಇಟ್ಟರು.

ಸತ್ತ 19 ಮಂದಿಯ ಮನೆಯವರಿಗೆ ಈ ವಿವರಣೆಯಿಂದ ಸಮಾಧಾನವಾಗದು. ಅವರ ಸಂಕಟವು ನಿಜ, ಅದನ್ನು ಮುಚ್ಚಿಡುವುದು ಪಾಪ. ಆದರೆ ಒಂದು ಸೀಸೆಯ ದೋಷವನ್ನು ಎಲ್ಲ ಸೀಸೆಗಳ ಮೇಲೆ ಹೊರಿಸಿ, ಲಸಿಕೆಯನ್ನೇ ತೊರೆದು, ಮುಂದಿನ ಚಳಿಗಾಲದ ಪ್ಲೇಗಿಗೆ ಮೈಯೊಡ್ಡಿದವರ ಲೆಕ್ಕವನ್ನು ಬರೆದಿಟ್ಟವರಾರು? ಪ್ಲೇಗಿನಿಂದ ಈ ದೇಶದಲ್ಲಿ ಎರಡು ಮೂರು ದಶಕಗಳೊಳಗೆ ಒಂದು ಕೋಟಿಗೂ ಮಿಕ್ಕ ಜನರು ಸತ್ತರು. ನಂಬಿಕೆಯ ತಪ್ಪುಗಳಿಗೆ ಬೆಲೆಯಿರುವಂತೆ ಅಪನಂಬಿಕೆಯ ತಪ್ಪುಗಳಿಗೂ ಬೆಲೆಯಿದೆ.

ಇದೆಲ್ಲ ಹಳೆಯ ಕಥೆಯೆಂದು ಶ್ರೋತೃಗಳು ಭಾವಿಸಲಾರರು. 2020ರಲ್ಲಿ ಕೋವಿಡ್ ಬಂದಾಗಲೂ ಕ್ರಿಮಿಯ ಹೆಸರು ಬೇಗ ತಿಳಿಯಿತು. ದಾರಿ ತಿಳಿಯಲು ತಡವಾಯಿತು. ತರಕಾರಿಯನ್ನೂ ಹಾಲಿನ ಪೊಟ್ಟಣವನ್ನೂ ನಾವೆಲ್ಲ ಸಾಬೂನಿನಿಂದ ತೊಳೆದೆವು. ಆ ವರ್ಷದ ಮಾರ್ಚಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ರೋಗವು ಗಾಳಿಯಿಂದ ಹರಡುವುದಿಲ್ಲವೆಂದು ಖಚಿತವಾದ ಮಾತಿನಲ್ಲಿ ಸಾರಿತು. 2021ರ ಹೊತ್ತಿಗೆ, ಗಾಳಿ ಆಡದ ಕೊಠಡಿಗಳಲ್ಲಿ ಹಾಗೆ ಹರಡುತ್ತದೆಂದು ತಾನೇ ಬರೆಯಬೇಕಾಯಿತು. ‘ಇನ್ನೂ ಸಿದ್ಧವಾಗಿಲ್ಲ’ ಎಂಬುದರಿಂದ ‘ಹೀಗಲ್ಲ’ ಎಂಬಲ್ಲಿಗೆ ದಾಟುವ ಆ ಹೆಜ್ಜೆಯೇ ಇಲ್ಲಿಯೂ ಕಾಣುತ್ತದೆ. ಆದರೂ ತನ್ನ ಮಾತನ್ನು ತಿದ್ದಿಕೊಂಡ ಸಂಸ್ಥೆಯನ್ನು, ಎಂದಿಗೂ ತಿದ್ದಿಕೊಳ್ಳದ ವದಂತಿಯೊಡನೆ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಆದಕಾರಣ ಮುಂದೆ ಯಾವ ಮಾರಿ ಬಂದರೂ ಉಪದೇಶಕನನ್ನು ನಾವು ವಿನಯದಿಂದ ನಾಲ್ಕು ಪ್ರಶ್ನೆಗಳನ್ನು ಕೇಳಬಹುದು. ಇದು ನಿಮಗೆ ತಿಳಿದದ್ದು ಹೇಗೆ? ಯಾವುದರೊಡನೆ ಯಾವುದನ್ನು ಹೋಲಿಸಿದಿರಿ? ಬೇರೆಯವರು ಮಾಡಿನೋಡಿದಾಗಲೂ ಹೀಗೆಯೇ ಆಯಿತೆ? ನಿಮಗೆ ಇನ್ನೂ ತಿಳಿಯದಿರುವುದು ಯಾವುದು? ನಾಲ್ಕನೆಯ ಪ್ರಶ್ನೆಗೆ ಸಂಕೋಚವಿಲ್ಲದೆ ಉತ್ತರ ಹೇಳುವವನ ಮಾತಿಗೆ ನಾವು ಹೆಚ್ಚು ತೂಕ ಕೊಡುತ್ತೇವೆ. ಉತ್ತರವೆಲ್ಲ ಬರುವವರೆಗೆ ಕೈಕಟ್ಟಿ ಕುಳಿತಿರಬೇಕೆಂದೂ ನಾವು ಹೇಳುವುದಿಲ್ಲ. ಇಲಿ ಬಿದ್ದ ಊರಿನ ರೈತನು ಚಿಗಟದ ಶೋಧನೆಗಾಗಿ ಕಾಯಲಿಲ್ಲ. ಕಂಡಷ್ಟನ್ನು ನಂಬಿ, ಮಕ್ಕಳನ್ನು ಕರೆದುಕೊಂಡು ಹೊಲಕ್ಕೆ ಹೋದನು, ಬದುಕಿದನು. ಆದರೆ ಕಾರಣವು ತಿಳಿದಿದ್ದರೆ, ಅವನು ಗಂಟಿನೊಡನೆ ಕಟ್ಟಿಕೊಂಡು ಹೋದ ಹಳೆಯ ಕಂಬಳಿಯನ್ನು ಮೊದಲು ಬಿಸಿಲಿಗೆ ಹಾಕುತ್ತಿದ್ದನು. ಶೋಧನೆಯಿಂದ ಸಾಮಾನ್ಯನಿಗೆ ಆಗುವ ಪ್ರಯೋಜನವು ಇಂಥದು; ಅದನ್ನು ಪಡೆಯಬೇಕಾದರೆ ಕೇಳುವ ಅಭ್ಯಾಸವನ್ನು ಮಾರಿ ಬರುವುದಕ್ಕೆ ಮುಂಚೆಯೇ ಮಾಡಿಕೊಂಡಿರಬೇಕು.