ದಾನಶಾಸನಗಳಲ್ಲಿ ಸಿದ್ಧಭಾಗಗಳು

ಇಂದು ಜಾಲತಾಣದ ಪುಟಗಳನ್ನು ರಚಿಸುವವರು ಪುಟದ ತಲೆ, ಅಡಿ ಮೊದಲಾದ ಭಾಗಗಳನ್ನು ಒಮ್ಮೆ ಸಿದ್ಧಪಡಿಸಿಕೊಂಡು, ಬೇಕಾದ ಕಡೆಗಳಲ್ಲೆಲ್ಲ ಅವನ್ನೇ ಬಳಸುತ್ತಾರೆ. ಸಾಧನ ಹೊಸದಾದರೂ ಇದರ ತತ್ತ್ವ ಹಳೆಯದು. ಕನ್ನಡ ನಾಡಿನ ದಾನಶಾಸನಗಳು ಬಹುಮಟ್ಟಿಗೆ ಇದೇ ತತ್ತ್ವವನ್ನು ಅನುಸರಿಸಿ ರಚಿತವಾದುವು. ಆ ಸಿದ್ಧಭಾಗಗಳ ಸ್ವರೂಪವನ್ನೂ, ಅವನ್ನು ಚರಿತ್ರೆಗೆ ಆಧಾರವಾಗಿ ಗ್ರಹಿಸುವಲ್ಲಿ ವಹಿಸಬೇಕಾದ ಎಚ್ಚರವನ್ನೂ ಇಲ್ಲಿ ವಿಚಾರಿಸುತ್ತೇವೆ.

ಕಲ್ಯಾಣ ಚಾಲುಕ್ಯರ ಕಾಲದ ದೊಡ್ಡ ಶಾಸನಗಳಲ್ಲಿ ಸಾಮಾನ್ಯವಾಗಿ ಕಾಣುವ ಅಂಗಗಳು ಆರು: ಮಂಗಳಪದ್ಯ, ಚಕ್ರವರ್ತಿಯ ಬಿರುದಾವಳಿ, ಸಾಮಂತನ ಪ್ರಶಸ್ತಿ, ಕಾಲನಿರ್ದೇಶ, ದಾನವಿವರ ಮತ್ತು ಶಾಪಾಶಯ. ದಾನವು ಶೈವಾಲಯಕ್ಕೆ ಸಂದಿದ್ದರೆ, ಬಾಣನ 'ಹರ್ಷಚರಿತ'ದ ಆದಿಯಲ್ಲಿರುವ ಶಂಭುಸ್ತುತಿಯೇ ಅನೇಕ ವೇಳೆ ಮೊದಲಲ್ಲಿ ನಿಲ್ಲುತ್ತದೆ. ಬಸದಿಗೆ ಸಂದಿದ್ದರೆ ಸ್ಯಾದ್ವಾದವನ್ನು ಕೊಂಡಾಡುವ ಪದ್ಯ. ಕೊನೆಯಲ್ಲಿ, ದತ್ತಭೂಮಿಯನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಕ್ರಿಮಿಯಾಗಿ ಹುಟ್ಟುವನೆಂಬ ಶಾಪ. ಕ್ರಿ. ಶ. ಐದನೆಯ ಶತಮಾನದ ಹಲ್ಮಿಡಿ ಶಾಸನದಲ್ಲಿಯೇ ಆದಿಯಲ್ಲಿ ವಿಷ್ಣುಸ್ತುತಿಯೂ ಕಡೆಯಲ್ಲಿ ಮಹಾಪಾತಕದ ಉಲ್ಲೇಖವೂ ಇರುವುದನ್ನು ನೋಡಿದರೆ, ಈ ಚೌಕಟ್ಟಿನ ಪ್ರಾಚೀನತೆ ವ್ಯಕ್ತವಾಗುತ್ತದೆ.

ಇದರಿಂದ ಬರೆಯುವವನ ಶ್ರಮ ಕಡಿಮೆಯಾದುದು ನಿಜ. ಆದರೆ ಪ್ರಯೋಜನ ಅಷ್ಟೇ ಅಲ್ಲ. 'ಸಮಸ್ತಭುವನಾಶ್ರಯ' ಮೊದಲಾದ ಬಿರುದುಗಳು ಊರೂರಿನ ಕಲ್ಲುಗಳಲ್ಲಿ ಒಂದೇ ಕ್ರಮದಲ್ಲಿ ಕಾಣಿಸಿಕೊಂಡಾಗ ಅರಸನ ಅಧಿಕಾರವೇ ಅಲ್ಲಿ ನಿಂತಂತಾಗುತ್ತಿದ್ದಿತು. ಪ್ರತಿಸಲವೂ ಹೊಸದಾಗಿ ಬರೆಯಬೇಕಾಗಿದ್ದುದು ಮುಖ್ಯವಾಗಿ ತಿಥಿ, ದಾನಿ, ಭೂಮಿಯ ಅಳತೆ, ಎಲ್ಲೆಕಲ್ಲು, ಪ್ರತಿಗ್ರಹೀತ ಇಷ್ಟನ್ನು. ವ್ಯವಹಾರದ ಜೀವಾಳವೂ ಇದೇ ಭಾಗ.

ತೊಡಕು ಹುಟ್ಟುವುದು ಸಿದ್ಧಭಾಗವನ್ನು ಆಯಾ ಕಾಲದ ವರದಿಯೆಂದು ಓದಿದಾಗ. ಹೊಯ್ಸಳರ ಬಿರುದುಗಳಲ್ಲಿ ಒಂದಾದ 'ಸಮ್ಯಕ್ತ್ವಚೂಡಾಮಣಿ' ಜೈನಧರ್ಮಕ್ಕೆ ಸೇರಿದ ಮಾತು. ವಿಷ್ಣುವರ್ಧನನ ತರುವಾಯದ ಅರಸರ ಶಾಸನಗಳಲ್ಲಿಯೂ ಅದು ಮುಂದುವರಿಯುತ್ತದೆ. ಆದುದರಿಂದ ಈ ಬಿರುದೊಂದನ್ನೇ ಹಿಡಿದು ಯಾವ ಹೊಯ್ಸಳ ಅರಸನ ಮತವನ್ನೂ ನಿರ್ಣಯಿಸಲಾಗದು. ಹಾಗೆಯೇ ಗೋವೆಯ ಕದಂಬರು ಬನವಾಸಿಪುರವರಾಧೀಶ್ವರರೆಂದೂ ಕಲ್ಯಾಣದ ಕಲಚುರಿಗಳು ಕಾಲಂಜರಪುರವರಾಧೀಶ್ವರರೆಂದೂ ಹೇಳಿಕೊಂಡುದು ವಂಶಗೌರವದ ಸ್ಮರಣೆಯೇ ಹೊರತು ಆಳುತ್ತಿದ್ದ ನಾಡಿನ ಲೆಕ್ಕವಲ್ಲ.

ಹಾಗೆಂದು ಸಿದ್ಧಭಾಗವು ಚರಿತ್ರಕಾರನಿಗೆ ನಿರುಪಯುಕ್ತವೆನ್ನುವಂತಿಲ್ಲ. ಅದು ಬದಲಾದಲ್ಲಿಯೇ ಚರಿತ್ರೆ ಮಾತನಾಡುತ್ತದೆ. 1076ರಲ್ಲಿ ಪಟ್ಟಕ್ಕೆ ಬಂದ ಆರನೆಯ ವಿಕ್ರಮಾದಿತ್ಯನು ಕಾಲನಿರ್ದೇಶದಲ್ಲಿ ಶಕವರ್ಷದ ಸ್ಥಾನಕ್ಕೆ ಚಾಲುಕ್ಯ ವಿಕ್ರಮವರ್ಷವನ್ನು ತಂದನು. ರೂಢಿಯ ಒಂದು ಅಂಗದಲ್ಲಿ ಮಾಡಿದ ಈ ಬದಲಾವಣೆಯು ಹೊಸ ಆಳ್ವಿಕೆಯ ಘೋಷಣೆಯೇ ಆಯಿತು. ರೂಢಿಯೇ ಇಲ್ಲದಿದ್ದಲ್ಲಿ ಈ ವ್ಯತ್ಯಾಸ ಇಷ್ಟು ಸ್ಫುಟವಾಗುತ್ತಿರಲಿಲ್ಲ.

ಬಿ. ಎಲ್. ರೈಸ್ ಅವರು 1886ರಲ್ಲಿ ಆರಂಭಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳ ಅನುವಾದಗಳಲ್ಲಿ ವಾಡಿಕೆಯ ಬಿರುದುಗಳನ್ನೂ ಶಾಪವಾಕ್ಯಗಳನ್ನೂ ಹಲವೆಡೆ ಸಂಕ್ಷೇಪವಾಗಿ ಸೂಚಿಸಿ ಬಿಟ್ಟಿದ್ದಾರೆ. ಅಪಾರವಾದ ಆ ಕಾರ್ಯದಲ್ಲಿ ಅದು ಅನಿವಾರ್ಯವೇ ಆಗಿದ್ದಿರಬೇಕು. ಆದರೆ ಅನುವಾದವನ್ನಷ್ಟೇ ನೋಡುವ ವಿದ್ಯಾರ್ಥಿಗೆ ಬಿಟ್ಟ ಭಾಗದಲ್ಲಿ ಅಡಗಿರಬಹುದಾದ ವ್ಯತ್ಯಾಸ ತಿಳಿಯದು. ಆದಕಾರಣ ಮೂಲಪಾಠವನ್ನೇ ಓದಿ, ಒಂದೇ ವಂಶದ ಹಲವು ಶಾಸನಗಳನ್ನು ಅಂಗಾಂಗವಾಗಿ ಹೋಲಿಸಿ, ರೂಢಿಯಾವುದು, ಹೊಸದಾವುದು ಎಂಬುದನ್ನು ಬೇರ್ಪಡಿಸಿದ ಬಳಿಕವೇ ನಿರ್ಣಯಕ್ಕೆ ತೊಡಗುವುದು ಯುಕ್ತವೆಂದು ನಾವು ಭಾವಿಸುತ್ತೇವೆ.